ಹಳ್ಳಿಗಿರುವ ಜಮಾಬಂದಿ ಪಟ್ಟಣಕ್ಕೆ ಯಾಕಿಲ್ಲ?

ಮಾನ್ಯರೇ,

ನಮ್ಮೂರು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿ ಆದಾಗ ಬಸ್ ನಿಲ್ದಾಣದಲ್ಲಿ ಪಟಾಕಿ ಹೊಡೆದಿದ್ದರು. ಅನುದಾನ ಜಾಸ್ತಿ ಬರುತ್ತದೆ, ಚರಂಡಿ ಆಗುತ್ತದೆ ಅಂದರು. ಒಂದಷ್ಟು ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಊರಿನ ಆಸ್ತಿಯ ಲೆಕ್ಕ ಕೇಳುವ ಜಾಗವೇ ನಮಗೆ ಇಲ್ಲದಂತಾಯಿತು. ಸಂತೆ ಮೈದಾನದ ಮಳಿಗೆಗಳ ಬಾಡಿಗೆ ಅವಧಿ ಮುಂದುವರಿಸುವುದು, ಸಮುದಾಯ ಭವನವನ್ನು ಖಾಸಗಿಯವರ ನಿರ್ವಹಣೆಗೆ ಬಿಡುವುದು ಈ ಎರಡೂ ಕಳೆದ ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ಬಂದ ವಿಷಯ ನಮಗೆ ಗೊತ್ತಾದದ್ದು ಟೀ ಅಂಗಡಿಯಲ್ಲಿ.

ಗ್ರಾಮ ಪಂಚಾಯಿತಿ ಕಾಲದಲ್ಲಿ ಹೀಗಿರಲಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕಿತ್ತು. ಅದರ ಮೇಲೆ ಪ್ರತಿವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಜಮಾಬಂದಿ, ಅಂದರೆ ಪಂಚಾಯಿತಿ ಲೆಕ್ಕಪತ್ರವನ್ನು ಜನರೆದುರು ತಪಾಸಣೆ ಮಾಡುವುದು. ಮೇಲಿನಿಂದ ಬಂದ ಅಧಿಕಾರಿ ವಹಿಗಳನ್ನು ಜನರ ಮುಂದೆ ಬಿಡಿಸಿಕೊಂಡು ಕೂರುತ್ತಿದ್ದರು, ಜಮಾ ಖರ್ಚು ಓದಿಸುತ್ತಿದ್ದರು, ಆಮೇಲೆ ಕಾಮಗಾರಿ ನೋಡಲು ಹೊರಟರೆ ಅರ್ಧ ಊರು ಹಿಂದೆ. ಒಂದು ಜಮಾಬಂದಿಯಲ್ಲಿ ಸಮುದಾಯ ಭವನದ ಪಾತ್ರೆಗಳ ಮಾತು ಬಂತು. ದಾಸ್ತಾನು ವಹಿಯಲ್ಲಿದ್ದ ಹಿತ್ತಾಳೆ ಹಂಡೆ ಭವನದಲ್ಲಿ ಇರಲಿಲ್ಲ. ‘ರಿಪೇರಿಗೆ ಹೋಗಿದೆ’ ಎಂದರು ಕಾರ್ಯದರ್ಶಿ. ‘ಯಾವ ಅಂಗಡೀಗಪ್ಪಾ?’ ಎಂದು ಹಿಂದಿನ ಸಾಲಿನಿಂದ ನಮ್ಮ ಸ್ತ್ರೀಶಕ್ತಿ ಸಂಘದ ಅಜ್ಜಿಯೊಬ್ಬರು ಕೇಳಿದರು. ಅಂಗಡಿಯ ಹೆಸರು ಬರಲಿಲ್ಲ, ವಾರದೊಳಗೆ ಹಂಡೆ ಬಂತು. ಪಂಚಾಯಿತಿಯವರೆಲ್ಲ ಆಗ ಸತ್ಯಹರಿಶ್ಚಂದ್ರರಾಗಿದ್ದರು ಅಂತಲ್ಲ. ಎದುರಿಗೆ ಕೂತು ಕೇಳುವವರು ಇದ್ದರು, ಅಷ್ಟೇ.

ಈಗ ಆ ಭವನದ ಶೌಚಾಲಯಕ್ಕೆ ಬಾಗಿಲಿಲ್ಲ. ಮದುವೆಗೆ ಹಿಡಿದವರು ಸೀರೆ ಕಟ್ಟಿ ಮರೆ ಮಾಡಿಕೊಳ್ಳುತ್ತಾರೆ. ಮಳಿಗೆಗಳದ್ದು ಇನ್ನೊಂದು ಕಥೆ: ಹರಾಜಿನಲ್ಲಿ ಹಿಡಿದವರೇ ಬೇರೆ, ಒಳಗೆ ವ್ಯಾಪಾರ ಮಾಡುವವರೇ ಬೇರೆ. ಊರಿಗೆ ಬರುವ ತಿಂಗಳ ಬಾಡಿಗೆಯಲ್ಲಿ ಎರಡು ಮೂಟೆ ಸಿಮೆಂಟು ಸಿಕ್ಕರೆ ಹೆಚ್ಚು. ಒಳಬಾಡಿಗೆ ಎಷ್ಟೆಂದು ಅಲ್ಲಿನ ಬಳೆ ವ್ಯಾಪಾರಿಯನ್ನು ಕೇಳಿದರೆ ಆಕೆ ಸುತ್ತ ನೋಡಿ ಬೆರಳಲ್ಲಿ ಹೇಳುತ್ತಾಳೆ. ಅಷ್ಟೂ ಪಟ್ಟಣ ಪಂಚಾಯಿತಿಗೇ ಬಂದಿದ್ದರೆ ಭವನದ ಬಾಗಿಲಿಗೆ ಯಾರ ಅನುದಾನವನ್ನೂ ಕಾಯಬೇಕಿರಲಿಲ್ಲ.

ಇದು ನಮ್ಮೊಂದೇ ಊರಿನ ಪಾಡಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ. ನಮ್ಮಲ್ಲಿ ಪಟ್ಟಣ ಪಂಚಾಯಿತಿ ಎಂದರೆ ಹತ್ತರಿಂದ ಇಪ್ಪತ್ತು ಸಾವಿರ ಜನ, ಪುರಸಭೆ ಎಂದರೆ ಐವತ್ತು ಸಾವಿರದೊಳಗೆ. ಅತ್ತ ಗ್ರಾಮಸಭೆಯೂ ಇಲ್ಲ, ಇತ್ತ ವಾರ್ಡ್ ಸಮಿತಿಯ ಕಡ್ಡಾಯವೂ ಇಲ್ಲ. ಮತ ಹಾಕಿ ಕಳಿಸಿದವರನ್ನು ಕೇಳೋಣವೆಂದರೆ, 2018ರಲ್ಲಿ ಚುನಾವಣೆ ನಡೆದ ಊರುಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರ ಕೊನೆಯ ತನಕ ಆ ಕುರ್ಚಿಯೇ ಖಾಲಿ ಇತ್ತು. ಅಧ್ಯಕ್ಷರ ಮೊದಲ ಅವಧಿ ಮುಗಿದ ಮೇಲೆ ಮತ್ತೆ ವರ್ಷಕ್ಕೂ ಮೀರಿ ಅದೇ ಗತಿ. ಆಗೆಲ್ಲ ಆಡಳಿತಾಧಿಕಾರಿಗಳಾಗಿ ಕೂತ ತಹಶೀಲ್ದಾರರಂಥ ಕಂದಾಯ ಅಧಿಕಾರಿಗಳ ರುಜುವೇ ಊರಿನ ಠರಾವು. ಕಂದಾಯದ ಕೆಲಸದಲ್ಲೇ ಮುಳುಗಿದವರಿಗೆ ನಮ್ಮ ಹಂಡೆಯ ಚಿಂತೆ ಎಲ್ಲಿಂದ ಬರಬೇಕು?

ಪಟ್ಟಣ ಪಂಚಾಯಿತಿ, ಪುರಸಭೆಗಳಿಗೂ ವರ್ಷಕ್ಕೊಮ್ಮೆ ಜಮಾಬಂದಿಯನ್ನು ನಿಯಮದಲ್ಲೇ ಸೇರಿಸಬೇಕೆಂದು ಪೌರಾಡಳಿತ ಇಲಾಖೆಗೆ ನಮ್ಮ ಒತ್ತಾಯ. ನಿಯಮ ಬರಲು ಕಾಲ ಹಿಡಿದೀತು. ಸ್ಥಿರಾಸ್ತಿ ವಹಿಯ ಪ್ರತಿ ಮತ್ತು ಮಳಿಗೆದಾರರ ಹೆಸರು, ಬಾಡಿಗೆ, ಬಾಕಿ, ಅವಧಿಯ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಲು ಮಾತ್ರ ಯಾವ ನಿಯಮವೂ ಅಡ್ಡ ಬರುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಕೇಳುವ ಮೊದಲೇ ಪ್ರಕಟಿಸಿ ಎಂದೇ ಹೇಳುತ್ತದೆ. ಹೇಳಿ ಸಾಕಾಗಿ ನಮ್ಮ ಸಂಘದಿಂದ ಅದೇ ಕಾಯ್ದೆಯಡಿ ಅರ್ಜಿ ಹಾಕಿದ್ದೇವೆ. ಉತ್ತರ ಬಂದು, ಒಳಬಾಡಿಗೆಯ ತನಿಖೆ ಆಗುವವರೆಗೆ ಮಳಿಗೆಗಳ ಅವಧಿ ವಿಸ್ತರಣೆಯನ್ನೂ ಭವನದ ಹಸ್ತಾಂತರವನ್ನೂ ಮುಂದಿನ ಸಭೆಯ ಅಜೆಂಡಾದಿಂದ ಕೈಬಿಡಬೇಕು. ಅವಧಿ ಮುಗಿದ ಮಳಿಗೆಗಳನ್ನು ಬಹಿರಂಗ ಹರಾಜಿಗೇ ಇಡಬೇಕು.

– ಸ್ತ್ರೀಶಕ್ತಿ ಸಂಘದ ಸದಸ್ಯೆ, ತುಮಕೂರು ಜಿಲ್ಲೆ