ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ

ಲಾಲ್‌ಬಾಗ್ ವಾಕಿಂಗ್ ಬಳಗದವರಿಗೆ ನಮಸ್ಕಾರ. ನಮ್ಮಲ್ಲಿ ಮೂರ್ನಾಲ್ಕು ಜನ ವಾರ್ಫರಿನ್ ತೆಗೆದುಕೊಳ್ಳುತ್ತಾರೆ, ಅದಕ್ಕೇ ಈ ಮಾತು.

ಮಂಡಿ ನೋವು ಅಂತ ಮೆಡಿಕಲ್ ಸ್ಟೋರ್‌ನಲ್ಲಿ ಸುಮ್ನೆ ಡೈಕ್ಲೊಫೆನಾಕ್, ಐಬುಪ್ರೊಫೇನ್ ಕೇಳಿ ನುಂಗಬೇಡಿ. ಹೊಟ್ಟೆಯೊಳಗೆ ರಕ್ತ ಸೋರಬಹುದು. ಮಲ ಕಪ್ಪಗಾದರೆ ತಡಮಾಡಬೇಡಿ.

ಸೊಪ್ಪು ಬಿಡಬೇಕಾಗಿಲ್ಲ. ಆದರೆ ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಅಂದರೆ ಸೊಪ್ಪಿನಿಂದ ಸಿಗುವ ವಿಟಮಿನ್ ಕೆ ಏರುಪೇರಾಗಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ) ಹದ ತಪ್ಪುತ್ತದೆ. ಹೆಚ್ಚಿನವರಿಗೆ ಅದು 2ರಿಂದ 3ರ ಒಳಗಿರಬೇಕು. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರಿಗೆ ಸ್ವಲ್ಪ ಜಾಸ್ತಿ ಇರಬಹುದು, ನಿಮ್ಮ ಡಾಕ್ಟರನ್ನೇ ಕೇಳಿ.

ಒಂದು ದಿನ ಮರೆತರೆ ಮರುದಿನ ಎರಡು ಮಾತ್ರೆ ಬೇಡ. ಹಲ್ಲು ಕೀಳಿಸುವ ಮುಂಚೆ ಡಾಕ್ಟರಿಗೆ ಹೇಳಿ, ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ.

ನಮ್ಮೂರ ಫುಟ್‌ಪಾತ್ ಗೊತ್ತಲ್ವಾ? ಎಡವಿ ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ನೇರವಾಗಿ ಆಸ್ಪತ್ರೆಗೆ ಹೋಗಿ.