ಉಪ್ಪಿನ ಬಯಲಿಗೆ ಹೊರಟವನಿಗೆ

ಗೋಣಿಕೊಪ್ಪಲು

ಚಿ. ಕುಶಾಲಪ್ಪನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಆಗಸ್ಟಿನ ಸ್ಪೀಡ್ ವೀಕ್, ಅಂದರೆ ನೇರ ದಾರಿಯಲ್ಲಿ ಗಾಡಿಗಳ ಗರಿಷ್ಠ ವೇಗ ಅಳೆಯುವ ಕೂಟ, ನೋಡಲು ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿಗೆ ಹೊರಟಿದ್ದೀಯೆಂದು ನಿನ್ನ ಅಮ್ಮ ಹೇಳಿದಳು. ಸಂತೋಷ. ವಿಮಾನದ ಟಿಕೆಟ್ ಇನ್ನೂ ತೆಗೆದಿಲ್ಲವಾದರೆ ದಿನಾಂಕ ಬದಲಾಯಿಸಬಹುದಾದದ್ದನ್ನೇ ತೆಗೆ, ದುಡ್ಡು ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಹೋಟೆಲ್ ಕೂಡ ಹಾಗೆಯೇ, ರದ್ದು ಮಾಡಿದರೆ ಹಣ ವಾಪಸ್ ಬರುವಂಥದ್ದು. ನಮ್ಮಲ್ಲಿ ಕಕ್ಕಡ ತಿಂಗಳ ಮಳೆ ಹೊಡೆಯುವ ಹೊತ್ತಿಗೆ ಯೂಟಾದಲ್ಲಿ ಬಿರುಬೇಸಿಗೆ. ಆದರೂ ಒಂದೆರಡು ಗುಡುಗು ಮಳೆ ಬಿದ್ದರೆ ಸಾಕು, ಇಡೀ ಕೂಟ ನಿಂತುಹೋಗುತ್ತದೆ. 2014 ಮತ್ತು 2022ರಲ್ಲಿ ಬಯಲಿನ ಮೇಲೆ ನೀರು ನಿಂತು ರದ್ದಾಯಿತು. 2015ರಲ್ಲಿ ಗಟ್ಟಿ ಉಪ್ಪು ಸಾಕಷ್ಟು ಉದ್ದಕ್ಕೆ ಸಿಗದೆ ರದ್ದಾಯಿತು.

ಯಾಕೆ ಹೀಗೆ ಎಂದು ತಿಳಿದುಕೊಂಡರೆ ಅಲ್ಲಿನ ಉಳಿದ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಚಳಿಗಾಲದಲ್ಲಿ ಆ ಬಯಲಿನ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಆವಿಯಾಗುತ್ತದೆ, ಕರಗಿದ್ದ ಉಪ್ಪು ಮತ್ತೆ ಹರಳುಗಟ್ಟಿ ಸಮತಟ್ಟಾದ ಪದರವಾಗುತ್ತದೆ. ಪ್ರತಿ ವರ್ಷ ಹೊಸ ಟ್ರ್ಯಾಕನ್ನು ನೀರೇ ಹಾಕಿಕೊಡುತ್ತದೆ ಎನ್ನಬಹುದು. ಪದರದ ಕೆಳಗೆ ಮೆತ್ತನೆಯ ಕೆಸರು. ಇಳಿಜಾರು ಇಲ್ಲದ್ದರಿಂದ ಮಳೆ ನೀರು ಹರಿದು ಹೋಗುವುದಿಲ್ಲ, ಬಿಸಿಲು ಗಾಳಿಗೆ ಒಣಗಬೇಕು ಅಷ್ಟೇ. ಪದರವೂ ದಶಕಗಳಿಂದ ತೆಳುವಾಗುತ್ತ ಬಂದಿದೆ. ಪಕ್ಕದಲ್ಲಿ ಪೊಟ್ಯಾಷ್ ತೆಗೆಯುವುದೇ ಕಾರಣವೆಂದು ಓಡಿಸುವವರು ದೂರುತ್ತಾರೆ. ಆ ವಾದಕ್ಕೆ ನೀನು ಸಿಕ್ಕಿಕೊಳ್ಳಬೇಡ, ಸಂಜೆ ಪೂರ್ತಿ ಅದರಲ್ಲೇ ಕಳೆದುಹೋಗುತ್ತದೆ.

ಈಗ ಮುಖ್ಯ ಮಾತು. ಮೊದಲ ವರ್ಷ ಗಾಡಿ ಓಡಿಸುವ ಆಸೆ ಇಟ್ಟುಕೊಳ್ಳಬೇಡ. ನಮ್ಮ ಗದ್ದೆಯ ಕಾರು ಓಟ, ಆಟೋಕ್ರಾಸಿನಲ್ಲಿ ಕಪ್ ಗೆದ್ದವನು ನೀನು, ನಿಜ. ಬಾನ್‌ವಿಲ್‌ನಲ್ಲಿ ಬೇಕಾದ ಕೌಶಲ ಬೇರೆ. ತಿರುವು ಒಂದೂ ಇಲ್ಲ. ಉದ್ದನೆಯ ಟ್ರ್ಯಾಕ್ ಸಾಮಾನ್ಯವಾಗಿ 5 ಮೈಲಿ, ಅಂದರೆ 8 ಕಿಲೋಮೀಟರ್. ಮೊದಲ 2 ಮೈಲಿ ವೇಗ ಏರಿಸಿಕೊಳ್ಳಲು, ಆಮೇಲಿನ ಒಂದೊಂದು ಮೈಲಿಗೂ ಬೇರೆ ಬೇರೆ ಸಮಯ ಹಿಡಿಯುತ್ತಾರೆ. ಹೊಸಬರಿಗೆ ಲೈಸೆನ್ಸ್ ಮೆಟ್ಟಿಲುಗಳಿವೆ: ಗಂಟೆಗೆ 125 ಮೈಲಿಯೊಳಗೆ ಒಂದು, 150ರೊಳಗೆ ಇನ್ನೊಂದು, ಆಮೇಲೆ 175, 200, ಹೀಗೆ. ಒಂದೊಂದನ್ನೂ ನೆಟ್ಟಗೆ ಓಡಿಸಿ ತೋರಿಸಿದರೇ ಮುಂದಿನದು. ಹಾಗಾಗಿ ನೋಡಲು ಹೋಗು, ಯಾವುದಾದರೂ ತಂಡಕ್ಕೆ ಕೈಕೆಲಸಕ್ಕೆ ಸೇರಿಕೊ. 1949ರಿಂದ ಈ ಕೂಟ ನಡೆಸುತ್ತಿರುವ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಸ್ವಯಂಸೇವಕರ ಸಂಸ್ಥೆ. ಕೆಲಸ ಮಾಡುವವನಿಗೆ ಅಲ್ಲಿ ಮರ್ಯಾದೆ ಇದೆ.

ಸಾಲ್ಟ್ ಲೇಕ್ ಸಿಟಿಯಲ್ಲಿ ಇಳಿದು ಕಾರು ಬಾಡಿಗೆಗೆ ತೆಗೆದುಕೊ. ಮಡಿಕೇರಿ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸು, ಒಂದು ವರ್ಷ ನಡೆಯುತ್ತದೆ. ನಮ್ಮ ಲೈಸೆನ್ಸ್ ಕಾರ್ಡೂ ಜೊತೆಗಿರಲಿ. ಐ-80 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ವೆಂಡೋವರ್ ಊರಿಗೆ ಹತ್ತಿರ ಹತ್ತಿರ 200 ಕಿಲೋಮೀಟರ್. ನಡುವೆ ಪೆಟ್ರೋಲ್ ಬಂಕ್ ತೀರಾ ಕಡಿಮೆ, ಹೊರಡುವಾಗಲೇ ಟ್ಯಾಂಕ್ ತುಂಬಿಸು. ಉಪ್ಪಿನ ಬಯಲಿಗೆ ತಿರುಗುವುದು 4ನೇ ಎಕ್ಸಿಟ್‌ನಲ್ಲಿ. ಬಯಲಿನ ಮೇಲೆ ರಾತ್ರಿ ತಂಗಲು ಬಿಡುವುದಿಲ್ಲ, ಆದ್ದರಿಂದ ವೆಂಡೋವರ್‌ನಲ್ಲೇ ಕೋಣೆ ಹಿಡಿ. ಊರು ಚಿಕ್ಕದು, ಆ ವಾರ ಕೋಣೆ ಸಿಗುವುದು ಕಷ್ಟ.

ಡಾಂಬರು ಮುಗಿದ ಜಾಗದಲ್ಲಿ ಎಚ್ಚರ. ಅಲ್ಲಿಂದ ಕೋನ್ ಇಟ್ಟು ಗುರುತು ಮಾಡಿದ ದಾರಿಯಲ್ಲೇ ಹೋಗು. ಎಲ್ಲ ಕಡೆ ಒಂದೇ ಬಿಳುಪು, ಒಂದೇ ಗಟ್ಟಿ ಎನಿಸುತ್ತದೆ. ಅಂಚಿನ ಕಡೆ ಪದರ ತೆಳು, ಚಕ್ರ ಅದನ್ನು ಒಡೆದುಕೊಂಡು ಕೆಸರಿಗೆ ಇಳಿದರೆ ಎಳೆದು ತೆಗೆಯಲು ಟ್ರ್ಯಾಕ್ಟರ್ ಕರೆಯಲು ಅದು ನಮ್ಮ ಬಾಳುಗೋಡಿನ ಗದ್ದೆಯಲ್ಲ. ಟ್ರ್ಯಾಕನ್ನು ಯಾವ ಕಾರಣಕ್ಕೂ ಅಡ್ಡ ದಾಟಬೇಡ, ಖಾಲಿ ಕಂಡರೂ ಸರಿಯೇ.

ಬಿಸಿಲಿನ ವಿಷಯಕ್ಕೆ ಬರೋಣ, ಜನ ಬೀಳುವುದು ಇಲ್ಲೇ. ನಮ್ಮಲ್ಲಿ ಬೆವರು ಅಂಗಿ ಒದ್ದೆ ಮಾಡುತ್ತದೆ, ಬಾಯಾರಿಕೆಯೂ ಗೊತ್ತಾಗುತ್ತದೆ. ಅಲ್ಲಿನ ಒಣ ಗಾಳಿಯಲ್ಲಿ ಬೆವರು ಬಂದಲ್ಲೇ ಆರುತ್ತದೆ, ನೀರು ಹೋದದ್ದೇ ತಿಳಿಯುವುದಿಲ್ಲ. ದಿನಕ್ಕೆ 5 ಲೀಟರ್ ಲೆಕ್ಕ ಇಟ್ಟುಕೊ, ಎರಡು ಓಆರ್‌ಎಸ್ ಪೊಟ್ಟಣ ಕಿಸೆಯಲ್ಲಿರಲಿ. ಮೂತ್ರದ ಬಣ್ಣ ಗಾಢವಾದರೆ ಅಥವಾ ತಲೆ ಸಿಡಿಯಲು ಶುರುವಾದರೆ ನೆರಳಿಗೆ ಬಂದು ಕೂತುಬಿಡು. ಉಪ್ಪು ಬಿಸಿಲನ್ನು ಕೆಳಗಿನಿಂದಲೂ ಎಸೆಯುವುದರಿಂದ ಟೋಪಿಯೊಂದೇ ಸಾಲದು. ಸನ್‌ಸ್ಕ್ರೀನನ್ನು ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೆ, ಕಿವಿಯ ಹಿಂದೆ, ಮೊಣಕಾಲ ಹಿಂದೆ ಹಚ್ಚಿಕೊ, ಎರಡು ಗಂಟೆಗೊಮ್ಮೆ ಮತ್ತೆ. ಚಡ್ಡಿ ಹಾಕಿದವರಿಗೆ ತೊಡೆಯ ಒಳಭಾಗವೂ ಸುಡುತ್ತದೆ. ನಮ್ಮ ಬಣ್ಣದವರಿಗೆ ಏನೂ ಆಗದು ಎಂಬ ಜಂಬ ಬೇಡ. ತೆಳು ಹತ್ತಿಯ ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು, ಪಕ್ಕದಿಂದಲೂ ಬೆಳಕು ತಡೆಯುವ ಕಪ್ಪು ಕನ್ನಡಕ, ತುಟಿಗೆ ಮುಲಾಮು. ಬೂಟು ಹಳೆಯದು ಇರಲಿ, ಉಪ್ಪು ಹೊಲಿಗೆಯನ್ನು ತಿನ್ನುತ್ತದೆ. ಚಪ್ಪಲಿ ಹಾಕಿದರೆ ಹಿಮ್ಮಡಿ ಒಡೆದು ರಕ್ತ ಬರುತ್ತದೆ.

ನೆರಳು ನೀನೇ ಒಯ್ಯಬೇಕು, ಮರವೆಂಬುದೇ ಇಲ್ಲ. ಮಡಚುವ ಚಪ್ಪರ ಕೊಂಡರೆ ಅದರ ನಾಲ್ಕು ಕಾಲಿಗೂ 20 ಲೀಟರ್ ನೀರಿನ ಕ್ಯಾನ್ ಕಟ್ಟು. ಉಪ್ಪಿಗೆ ಗೂಟ ಹೊಡೆಯಬೇಡ. ಮಧ್ಯಾಹ್ನ ಮೇಲೆ ಗಾಳಿ ಎದ್ದರೆ ಕಟ್ಟದ ಚಪ್ಪರ ಹಾರಿ ಯಾರದೋ ಗಾಡಿಯ ಮೇಲೆ ಬೀಳುತ್ತದೆ. ಗುಡುಗು ಕೇಳಿಸಿದರೆ ಚಪ್ಪರದಡಿ ನಿಲ್ಲದೆ ಕಾರಿನೊಳಗೆ ಹೋಗು, ಆ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀನೇ.

ಇಂಜಿನ್ ಬಗ್ಗೆ ನಿನಗೆ ರುಚಿಸುವ ಒಂದು ವಿಷಯ. ಬಾನ್‌ವಿಲ್ ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್, ಮಡಿಕೇರಿಗಿಂತ ನೂರು ಮೀಟರಿನಷ್ಟು ಮೇಲೆ. ಆದರೆ ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ಏರಿದಾಗ ಗಾಳಿ ಹಿಗ್ಗಿ, ಇಂಜಿನ್ನಿಗೆ ಸಿಗುವ ಗಾಳಿ 7,000 ಅಡಿ ಎತ್ತರದಲ್ಲಿ ಸಿಗುವುದಕ್ಕಿಂತಲೂ ತೆಳು. ನಮ್ಮ ತಡಿಯಂಡಮೋಳ್ ಬೆಟ್ಟದ ತುದಿಯೇ 5,735 ಅಡಿ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಸೂಪರ್‌ಚಾರ್ಜರ್ ಇಲ್ಲದ ಇಂಜಿನ್ನು ಸಮುದ್ರಮಟ್ಟದ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತು, ಅಂದರೆ ಜೆಟ್, ಚಿಕ್ಕದು ಮಾಡದಿದ್ದರೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ಅದಕ್ಕೇ ಬೆಳಗಿನ ತಂಪು ಗಾಳಿಗೆ ಅಷ್ಟು ಬೆಲೆ. ಹಿಂದಿನ ದಿನ ದಾಖಲೆ ಮೀರಿದ ಗಾಡಿಗಳನ್ನು ರಾತ್ರಿ ಕಾವಲಿನಲ್ಲಿಟ್ಟು ಮರುದಿನ ಮೊದಲು ಓಡಿಸುತ್ತಾರೆ. ಎರಡು ಓಟದ ಸರಾಸರಿ ಹಳೆಯದನ್ನು ಮೀರಿದರೇ ದಾಖಲೆ. ಬೆಳಗ್ಗೆ ಬೇಗ ಏಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಉಪ್ಪಿನ ಮೇಲೆ ಹಿಡಿತ ಕಡಿಮೆ, ಚಕ್ರ ಜಾರುತ್ತಲೇ ತಿರುಗುತ್ತದೆ. ಆದ್ದರಿಂದ ಬೇರೆ ರೇಸಿನಲ್ಲಿ ತೂಕ ಇಳಿಸಿದರೆ ಇಲ್ಲಿ ಸೀಸದ ಗಟ್ಟಿ ಹೇರಿ ತೂಕ ಏರಿಸುವುದನ್ನು ನೋಡುತ್ತೀಯೆ. ಗೇರು ಹೆಚ್ಚು ವೇಗಕ್ಕೆಂದೇ ಹೊಂದಿಸಿದ್ದು, ನಿಂತಲ್ಲಿಂದ ಹೊರಡಲಾಗದ ಗಾಡಿಯನ್ನು ಹಿಂದಿನಿಂದ ಪಿಕಪ್ ಒಂದು ತಳ್ಳಿಕೊಂಡು ಹೋಗಿ ವೇಗ ಹತ್ತಿಸಿ ಬಿಡುತ್ತದೆ. ಇದನ್ನು ನೋಡಲು ಸ್ಟಾರ್ಟ್ ಲೈನ್ ಹತ್ತಿರವೇ ನಿಲ್ಲು. ಬೆಲ್ಟ್ ಬಿಗಿಯುವುದು, ಬೆಂಕಿ ಆರಿಸುವ ಬಾಟಲಿಯ ಮತ್ತು ಗಾಡಿ ನಿಲ್ಲಿಸುವ ಪ್ಯಾರಾಶೂಟಿನ ಸುರಕ್ಷಾ ಪಿನ್ ತೆಗೆಯುವುದು, ಎಲ್ಲ ಅಲ್ಲೇ ಕಾಣುತ್ತದೆ. ಪಿನ್ ತೆಗೆಯಲು ಮರೆತರೆ ಬೇಕಾದಾಗ ಪ್ಯಾರಾಶೂಟ್ ಬಿಚ್ಚಿಕೊಳ್ಳುವುದೇ ಇಲ್ಲ. ತಪಾಸಣೆಯ ಸಾಲಿನಲ್ಲೂ ಒಂದು ಬೆಳಗು ಕಳೆ. ಚಕ್ರದ ವಾಲ್ವಿಗೆ ಲೋಹದ ಮುಚ್ಚಳ ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಆ ವೇಗದಲ್ಲಿ ಚಕ್ರ ತಿರುಗುವ ಬಲಕ್ಕೆ ವಾಲ್ವಿನ ಒಳಪಿನ್ನು ತಾನೇ ತೆರೆದು ಗಾಳಿ ಬಿಡಬಹುದು. ಪ್ಲಾಸ್ಟಿಕ್ ಮುಚ್ಚಳ ತಡೆಯುವುದಿಲ್ಲ. ಇಂಥ ಹತ್ತಾರು ಸಣ್ಣ ವಿಷಯ ಅಲ್ಲಿ ಪುಕ್ಕಟೆ ಕಲಿಯಬಹುದು.

ಟ್ರ್ಯಾಕಿನಿಂದ ನೋಡುಗರನ್ನು ದೂರ ಇಡುತ್ತಾರೆ, ದುರ್ಬೀನು ಬೇಕೇ ಬೇಕು. ನೀನು 400 ಮೀಟರ್ ದೂರ ನಿಂತರೆ ಶಬ್ದ ನಿನ್ನನ್ನು ತಲುಪಲು ಒಂದು ಸೆಕೆಂಡಿಗೂ ಹೆಚ್ಚು ಹೊತ್ತು. ಗಂಟೆಗೆ 300 ಮೈಲಿ ವೇಗದ ಗಾಡಿ ಅಷ್ಟರಲ್ಲಿ 150 ಮೀಟರ್ ಮುಂದೆ ಹೋಗಿರುತ್ತದೆ. ಶಬ್ದ ಬಂದ ಕಡೆ ನೋಡದೆ ಅದರ ಮುಂದಕ್ಕೆ ನೋಡು. ಕೈಯಲ್ಲಿ ಸ್ಟಾಪ್‌ವಾಚ್ ಇದ್ದರೆ ಮೈಲಿ ಫಲಕದಿಂದ ಮೈಲಿ ಫಲಕಕ್ಕೆ ಎಷ್ಟು ಸೆಕೆಂಡೆಂದು ಹಿಡಿದು 3,600ನ್ನು ಅದರಿಂದ ಭಾಗಿಸು: 18 ಸೆಕೆಂಡಾದರೆ ಗಂಟೆಗೆ 200 ಮೈಲಿ, 12 ಆದರೆ 300. ಫೋಟೋ ತೆಗೆಯುವಾಗ ಕ್ಯಾಮೆರಾ ಬಿಳುಪಿಗೆ ಮೋಸಹೋಗಿ ಚಿತ್ರ ಮಂಕಾಗಿಸುತ್ತದೆ, ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು ಏರಿಸು. ಡ್ರೋನ್ ಒಯ್ಯಬೇಡ.

ದೊಡ್ಡ ಗಾಡಿಗಳ ಮೇಲೆಯೇ ಕಣ್ಣಿಡಬೇಡ. 1935ರಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಮೊದಲ ಬಾರಿಗೆ ಗಂಟೆಗೆ 300 ಮೈಲಿ ವೇಗ ದಾಟಿದ್ದು, 1970ರಲ್ಲಿ ಗ್ಯಾರಿ ಗ್ಯಾಬೆಲಿಚ್ 622 ಮೈಲಿ ವೇಗದಲ್ಲಿ ಓಡಿದ್ದು ಇಲ್ಲೇ, ಸರಿ. ಆದರೆ ಇಲ್ಲಿ ಇಂಜಿನ್ ಗಾತ್ರ, ಇಂಧನ, ದೇಹದ ಆಕಾರಕ್ಕೆ ತಕ್ಕಂತೆ ನೂರಾರು ವರ್ಗಗಳಿವೆ, 50 ಸಿಸಿ ಬೈಕಿಗೂ ಒಂದು ದಾಖಲೆ ಉಂಟು. ನ್ಯೂಜಿಲೆಂಡಿನ ಬರ್ಟ್ ಮನ್ರೊ 1967ರಲ್ಲಿ, 68ನೇ ವಯಸ್ಸಿನಲ್ಲಿ, 1920ರ ಇಂಡಿಯನ್ ಬೈಕಿನಲ್ಲಿ ತನ್ನ ವರ್ಗದ ದಾಖಲೆ ಬರೆದ. 2018ರಲ್ಲಿ ಕೇಲಾ ರಿವಾಸ್ ಎಂಬ 18ರ ಹುಡುಗಿ ರಾಯಲ್ ಎನ್‌ಫೀಲ್ಡ್ 650ರಲ್ಲಿ ಗಂಟೆಗೆ 150 ಮೈಲಿ ವೇಗ ದಾಟಿದಳು. ನಿನ್ನ ಲೆಕ್ಕಾಚಾರ ಇಂಥ ಕಡೆಯಿಂದ ಶುರುವಾಗಲಿ.

ತಂಡದಲ್ಲಿ ಕೆಲಸ ಸಿಕ್ಕರೆ ಮೊದಲು ಹಾಸಬೇಕಾದದ್ದು ಗಾಡಿಯ ಕೆಳಗೆ ಟಾರ್ಪಾಲು, ಎಣ್ಣೆಯ ಒಂದು ಹನಿಯೂ ಉಪ್ಪಿಗೆ ಬೀಳಬಾರದು. ಪ್ರತಿ ಓಟದ ನಂತರ ಚಕ್ರದ ಒಳಬದಿ ನೋಡು. ಆಟೋಕ್ರಾಸಿನಲ್ಲಿ ರಿಮ್ಮಿಗೆ ಕೆಸರು ಮೆತ್ತಿದ ಹಾಗೆ ಇಲ್ಲಿ ಉಪ್ಪು ಮೆತ್ತಿಕೊಂಡು ಗಟ್ಟಿಯಾಗುತ್ತದೆ, ಸಮತೋಲ ಕೆಟ್ಟು ಗಾಡಿ ನಡುಗುತ್ತದೆ. ವಯರಿನ ಅರ್ಥಿಂಗ್ ಜಾಗಕ್ಕೂ ಕನೆಕ್ಟರುಗಳಿಗೂ ಗ್ರೀಸ್ ಹಚ್ಚಿಡಬೇಕು. ಕಾರಣವಿಲ್ಲದೆ ಇಂಜಿನ್ ಮಿಸ್ ಹೊಡೆದರೆ ಮೊದಲು ಹುಡುಕಬೇಕಾದದ್ದು ಅಲ್ಲೇ.

ಬಾಡಿಗೆ ಕಾರಿನ ಕರಾರು ಓದದೆ ಸಹಿ ಹಾಕಬೇಡ, ಡಾಂಬರು ಬಿಟ್ಟು ಇಳಿಯಬಾರದೆಂಬ ಷರತ್ತು ಇರಬಹುದು. ಇದ್ದರೆ ಬೇರೆಯವರ ಗಾಡಿಯಲ್ಲಿ ಒಳಗೆ ಹೋಗು. ಇಲ್ಲದಿದ್ದರೆ ಪ್ರತಿ ಸಂಜೆ ವೆಂಡೋವರ್‌ನಲ್ಲಿ ಅಡಿಭಾಗ ತೊಳೆಸು. ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರನ್ನು ಕಾರಿನಡಿ ಇಟ್ಟು ಅರ್ಧ ಗಂಟೆ ಬಿಡುವುದು ಅಲ್ಲಿನವರ ಉಪಾಯ. ಮೇಲಿನಿಂದ ತೊಳೆದರೆ ಬಣ್ಣ ಹೊಳೆಯುತ್ತದೆ, ಬ್ರೇಕ್ ಪೈಪು ಮಾತ್ರ ತುಕ್ಕು ಹಿಡಿಯುತ್ತಿರುತ್ತದೆ.

ಬೆಂಗಳೂರಿನಲ್ಲಿ ಹೆಲ್ಮೆಟ್ ಕೊಳ್ಳಲೇ ಎಂದು ಕೇಳಿದ್ದೀಯಂತೆ. ಬೇಡ. ಐಎಸ್‌ಐ ಗುರುತು ಅಲ್ಲಿ ನಡೆಯುವುದಿಲ್ಲ. ಅಲ್ಲಿನ ನಿಯಮ ಒಪ್ಪುವ ಗುರುತಿನದೇ ಬೇಕು, ಅಮೆರಿಕದ ಸುರಕ್ಷಾ ಸಂಸ್ಥೆ ಸ್ನೆಲ್ ಗುರುತಿನಂಥದ್ದು, ಅದರಲ್ಲೂ ಕಾರಿಗೆ ಬೇರೆ, ಬೈಕಿಗೆ ಬೇರೆ. ಆ ವರ್ಷದ ನಿಯಮ ಪುಸ್ತಕ ಕೊಂಡು, ನಿನ್ನ ಮನಸ್ಸಿನಲ್ಲಿರುವ ಗಾಡಿಯ ವರ್ಗದ ಪುಟಗಳನ್ನು ವಿಮಾನದಲ್ಲಿ ಓದು. ಗುರುತು ಹಾಕಿಕೊಂಡ ಪ್ರಶ್ನೆಗಳನ್ನು ತಪಾಸಣೆಯವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಕೇಳು, ಬೆಳಗಿನ ಗಡಿಬಿಡಿಯಲ್ಲಿ ಬೇಡ.

ಅಮ್ಮ ಪಂದಿ ಉಪ್ಪಿನಕಾಯಿ ಕಟ್ಟಿಕೊಟ್ಟರೆ ಬ್ಯಾಗಿಗೆ ಹಾಕಬೇಡ. ಇಲ್ಲಿಂದ ಹಂದಿಮಾಂಸ ಒಯ್ಯಲು ಅಮೆರಿಕದ ಕಸ್ಟಮ್ಸ್ ಬಿಡುವುದಿಲ್ಲ, ಮುಚ್ಚಿಟ್ಟರೆ ದಂಡ ಬೇರೆ. ಹುರಿದ ಕಾಫಿಪುಡಿಗೆ ಅಡ್ಡಿಯಿಲ್ಲ. ಕಸ್ಟಮ್ಸ್‌ನವರಿಗೆ ತಿಳಿಸಿ, ನಮ್ಮ ತೋಟದ್ದು ಒಂದು ಕಿಲೋ ಒಯ್ಯಿ. ಬೆಳಗಿನ ಜಾವ ತಂಡದವರಿಗೆ ಮಾಡಿ ಕೊಡು.

ಇತಿ,
ನಿನ್ನ ದೊಡ್ಡಪ್ಪ