ಜಿಲ್ಲಾಧಿಕಾರಿಗಳೇ, ಈ ಮಕ್ಕಳಿಗೆ ಸ್ಪರ್ಧೆ ಬೇಡ, ಬಣ್ಣ ಕೊಡಿ

ಕೊಡಗಿನ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆದ ಮೇಲೆ ಮಕ್ಕಳ ರಕ್ಷಣಾ ಘಟಕದ ಉಸ್ತುವಾರಿ ನಿಮ್ಮ ಹೆಗಲಿಗೇ ಬಂದಿದೆ. ಅದಕ್ಕೇ ಶಾಸಕರಿಗೆ ಬರೆಯದೆ ನೇರ ನಿಮಗೇ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ. ಬಾಲಮಂದಿರ, ಆಶ್ರಮ ಶಾಲೆ, ಲೈನ್ ಮನೆಗಳ (ತೋಟದ ಕಾರ್ಮಿಕರು ಇರುವ ಸಾಲು ಮನೆಗಳ) ಮಕ್ಕಳಿಗೆ ವಾರಕ್ಕೊಮ್ಮೆ ಒಂದೆರಡು ತಾಸು ಚಿತ್ರ, ಹಾಡು, ಮಣ್ಣಿನ ಕೆಲಸ, ನಾಟಕ ಏನಾದರೂ ಸಿಗಲಿ. ಅದಕ್ಕೆ ಮಾರ್ಕ್ಸ್ ಬೇಡ, ಸರ್ಟಿಫಿಕೇಟೂ ಬೇಡ.

ನಾನು ಸಿದ್ದಾಪುರ ಕಡೆ ಚಿತ್ರಕಲಾ ಮೇಷ್ಟ್ರಾಗಿದ್ದವನು. ಲೈನ್ ಮನೆಯ ಒಬ್ಬ ಹುಡುಗ ವಾರಕ್ಕೆ ಎರಡು ದಿನ ಶಾಲೆಗೆ ಬಂದರೆ ಹೆಚ್ಚು. ಸೋಮಾರಿ ಅಂತ ಎಲ್ಲರೂ ಬಯ್ಯುತ್ತಿದ್ದರು, ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ, ಅಷ್ಟೇ. ಒಂದು ದಿನ ಮಕ್ಕಳಿಗೆಲ್ಲ ನೀವು ಶಾಲೆಗೆ ಬರುವ ದಾರಿ ಬರೆಯಿರಿ ಅಂದೆ. ಇವನು ತೋಟದ ಗೇಟು ಬರೆದ, ಸಿಲ್ವರ್ ಮರ ಬರೆದ, ರಸ್ತೆ ತಿರುಗುವ ಕಡೆ ಕಾಫಿ ಗಿಡಗಳನ್ನು ಒತ್ತೊತ್ತಾಗಿ ಗೀಚಿ ಅದರ ಮೇಲೆ ಒಂದು ಬೂದು ಬಣ್ಣದ ಬೆನ್ನು ಮಾತ್ರ ಕಾಣುವ ಹಾಗೆ ಬರೆದ. ರಸ್ತೆ ಮಧ್ಯೆ ಒಂದೇ ಒಂದು ಚಪ್ಪಲಿ. ಇದು ಯಾರದಪ್ಪಾ ಅಂದೆ. ನನ್ನದೇ, ಓಡುವಾಗ ಬಿದ್ದುಹೋಯಿತು ಅಂದ. ಆನೆ ಕಂಡಿದ್ದನ್ನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಆಮೇಲೆ ದೊಡ್ಡ ಮಕ್ಕಳ ಗುಂಪಿನ ಜೊತೆ ಅವನನ್ನು ಕಳಿಸುವ ಏರ್ಪಾಡಾಯಿತು.

2018ರ ಆಗಸ್ಟ್ ನಿಮಗೆ ಕಡತದಲ್ಲಿ ಸಿಗುತ್ತದೆ. ಮಕ್ಕಂದೂರು, ಜೋಡುಪಾಲದಲ್ಲಿ ಬರೆ, ಅಂದರೆ ಗುಡ್ಡದ ಮಣ್ಣು, ಜರಿಯಿತು, ಮರುವರ್ಷ ತೋರ ಗ್ರಾಮದಲ್ಲಿ, ಅದರ ಮರುವರ್ಷ ತಲಕಾವೇರಿಯಲ್ಲಿ. ಮನೆ ಕಟ್ಟಿಕೊಟ್ಟಿರಿ, ಪರಿಹಾರ ಕೊಟ್ಟಿರಿ, ಇಲ್ಲ ಅನ್ನುವುದಿಲ್ಲ. ಆದರೆ ಜೋರು ಮಳೆ ಹುಯ್ದರೆ ಈಗಲೂ ನಿದ್ದೆ ಮಾಡದ ಮಕ್ಕಳಿಗೆ ಏನಾಗುತ್ತಿದೆ ಅಂತ ಕೇಳುವವರು ಯಾರು? ಕೇಳಿದರೂ ಮಕ್ಕಳು ಹೇಳುವುದಿಲ್ಲ. ದೊಡ್ಡವರೇ ಹೇಳುವುದಿಲ್ಲ, ಅಲ್ವಾ?

ಇದು ಹೊಸ ವಿಚಾರವೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಟೆರೆಜಿನ್ ಅನ್ನುವ ಊರಿನಲ್ಲಿ ನಾಜಿಗಳು ಕೂಡಿಹಾಕಿದ್ದ ಯಹೂದಿ ಮಕ್ಕಳಿಗೆ ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್ ಎಂಬ ಕಲಾವಿದೆ ಚಿತ್ರ ಕಲಿಸುತ್ತಿದ್ದರು. ಅವರೂ ಅಲ್ಲೇ ಕೈದಿ. 1944ರಲ್ಲಿ ಆಶ್ವಿಟ್ಜ್‌ಗೆ ಸಾಗಿಸುವ ಮೊದಲು ಮಕ್ಕಳ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ಬಚ್ಚಿಟ್ಟರು. ಚಿತ್ರ ಉಳಿಯಿತು, ಬಹಳಷ್ಟು ಮಕ್ಕಳು ಉಳಿಯಲಿಲ್ಲ. ಹಾಗಾಗಿ ಬಣ್ಣ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಮಗುವಿಗೆ ಯಾರೋ ಹಿಂಸೆ ಕೊಡುತ್ತಿದ್ದಾರೆ ಅಂತ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ಲೈಂಗಿಕ ದೌರ್ಜನ್ಯವಾದರೆ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು. ಮಗು ಕಪ್ಪು ಬಣ್ಣ ಜಾಸ್ತಿ ಬಳಿಯಿತು ಅಂತ ಸುಮ್ನೆ ಅರ್ಥ ಕಟ್ಟುತ್ತಾ ಕೂರುವವರೂ ಬೇಡ. ಕೆಂಪು ಕ್ರೆಯಾನ್ ಮುಗಿದುಹೋಗಿರುತ್ತದೆ, ಅಷ್ಟೇ!

ಇನ್ನು ದುಡ್ಡಿನ ವಿಷಯ. ಐವತ್ತು ಮಕ್ಕಳ ಬಾಲಮಂದಿರಕ್ಕೆ ಕಲೆ, ಕರಕುಶಲ, ಸಂಗೀತ ಕಲಿಸಲು ಒಬ್ಬ ಅರೆಕಾಲಿಕ ಶಿಕ್ಷಕರಿರಬೇಕು ಅಂತ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯ ಸಿಬ್ಬಂದಿ ಪಟ್ಟಿಯಲ್ಲೇ ಇದೆ. ನಮ್ಮ ಜಿಲ್ಲೆಯಲ್ಲಿ ಆ ಜಾಗದಲ್ಲಿ ಯಾರಿದ್ದಾರೆ, ವಾರಕ್ಕೆ ಎಷ್ಟು ದಿನ ಬರುತ್ತಾರೆ ಅಂತ ಒಮ್ಮೆ ತರಿಸಿ ನೋಡಿ. ಶಾಲೆಗಳಲ್ಲಿ ಬ್ಯಾಗಿಲ್ಲದ ಸಂಭ್ರಮ ಶನಿವಾರವೂ ಇದೆ, ತಿಂಗಳಿಗೊಮ್ಮೆ. ಎಷ್ಟೋ ಕಡೆ ಅದು ಪ್ರತಿಭಾ ಕಾರಂಜಿ ಸ್ಪರ್ಧೆಯ ಪ್ರಾಕ್ಟೀಸ್ ಆಗಿಬಿಡುತ್ತದೆ. ಚೆನ್ನಾಗಿ ಹಾಡುವವಳು ಹಾಡುತ್ತಾಳೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ನಾನು ಹೇಳುತ್ತಿರುವುದು ಆ ಚಪ್ಪಾಳೆ ತಟ್ಟುವ ಮಕ್ಕಳ ಬಗ್ಗೆ.

ಕಲಿಸುವವರನ್ನು ಬೆಂಗಳೂರಿನಿಂದ ಕರೆಸಬೇಕಾಗಿಲ್ಲ. ತಿತಿಮತಿ, ಪೊನ್ನಂಪೇಟೆ ಕಡೆಯ ಹಾಡಿಗಳಲ್ಲಿ (ಆದಿವಾಸಿಗಳ ಊರುಗಳಲ್ಲಿ) ವಾದ್ಯ ಬಾರಿಸುವ, ಹಾಡುವ ಯರವ, ಜೇನುಕುರುಬ ಹಿರಿಯರಿದ್ದಾರೆ. ಕನ್ನಡ ಕ್ಲಾಸಿನಲ್ಲಿ ಬಾಯಿಯೇ ಬಿಡದ ಮಗು ತನ್ನ ಅಜ್ಜನ ಹಾಡಿಗೆ ದನಿ ಸೇರಿಸುವುದನ್ನು ನೀವೇ ಬಂದು ನೋಡಿ. ಆ ಅಜ್ಜನಿಗೆ ಶಾಲು ಹೊದಿಸಿ ಕಳಿಸಬೇಡಿ, ತಿಂಗಳು ತಿಂಗಳು ಗೌರವಧನ ಕೊಡಿ. ತೋಟದ ಕೆಲಸಕ್ಕೆ ಅಸ್ಸಾಂನಿಂದ ಬಂದವರ ಮಕ್ಕಳೂ ಇದ್ದಾರೆ, ಅವರಿಗೆ ಭಾಷೆಯೇ ಬೇಕಿಲ್ಲದ ಕೆಲಸ ಇದು.

ಇನ್ನೊಂದು ಮಾತು. ಮಕ್ಕಳು ಬರೆದಿದ್ದನ್ನು ಅವರನ್ನು ಕೇಳದೆ ಗೋಡೆಗೆ ಅಂಟಿಸಬಾರದು, ಯಾರೋ ಅತಿಥಿ ಬಂದರು ಅಂತ ಕುಣಿಸಬಾರದು, ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಬಾರದು. ಇದನ್ನು ನೀವು ಲಿಖಿತ ಆದೇಶವಾಗಿಯೇ ಹೊರಡಿಸಿ, ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ.

ಮೊದಲು ಒಂದು ಆಶ್ರಮ ಶಾಲೆ, ಒಂದು ಬಾಲಮಂದಿರ ಸಾಕು. ಸಭೆ ಮಾತ್ರ ಮೇ ಒಳಗೆ ಕರೆಯಿರಿ, ನಾನೂ ಬರುತ್ತೇನೆ. ಜೂನ್ ಕಳೆದರೆ ನಿಮ್ಮ ಆಫೀಸಿಗೆ ಮರ ಬಿತ್ತು, ಕರೆಂಟ್ ಹೋಯಿತು, ಬರೆ ಜರಿಯಿತು ಅನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ ಅಂತ ನಮಗೂ ಗೊತ್ತು.

ಇಂತಿ,
ಸಿದ್ದಾಪುರ ಕಡೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು